ಇಬ್ಬರಿಗೂ ಇಷ್ಟ ಇದ್ದರೆ ನಿಮಗೇನು ಕಷ್ಟ, ಮೇಡಂ?

ಈ ಪ್ರಶ್ನೆ ನನಗೆ ಕಾಲೇಜಿಗಿಂತ ಮದುವೆ ಊಟದ ಪಂಕ್ತಿಯಲ್ಲೇ ಜಾಸ್ತಿ ಎದುರಾಗುತ್ತದೆ. ಕಳೆದ ಸಲ ಎದುರಾದದ್ದು ಹಾಸನಾಂಬೆ ದರ್ಶನದ ಸಾಲಿನಲ್ಲಿ. ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಬಾಗಿಲು ತೆಗೆಯುವ ಗುಡಿ. ಗಂಟೆಗಟ್ಟಲೆ ನಿಲ್ಲಬೇಕು, ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಹಿಂದೆ ನಿಂತಿದ್ದವಳು ನನ್ನ ಹಳೇ ವಿದ್ಯಾರ್ಥಿನಿ, ಈಗ ಎರಡು ಮಕ್ಕಳ ತಾಯಿ. "ಮೇಡಂ, ನೀವು ಕಾಲೇಜಿನ ದೂರು ಕಮಿಟೀಲಿ ಇದ್ರಲ್ಲ. ಹುಡುಗಿಗೆ ಹದಿನೆಂಟು ದಾಟಿದೆ, ಲೆಕ್ಚರರ್‌ಗೂ ಮದುವೆ ಆಗಿಲ್ಲ, ಇಬ್ಬರಿಗೂ ಇಷ್ಟ. ಅದ್ರಲ್ಲಿ ನಿಮಗೇನು ಕಷ್ಟ?" ಅಂದಳು.

ಕೇಳುವವರೆಲ್ಲ ಒಂದು ಉದಾಹರಣೆ ಇಟ್ಟುಕೊಂಡೇ ಬರುತ್ತಾರೆ. ಅವರ ಚಿಕ್ಕಪ್ಪನೋ ದೊಡ್ಡಪ್ಪನೋ ಮೇಷ್ಟ್ರಾಗಿದ್ದವರು, ಶಿಷ್ಯೆಯನ್ನೇ ಮದುವೆಯಾದರು, ನಲವತ್ತು ವರ್ಷ ಚೆನ್ನಾಗಿ ಬಾಳಿದರು. ನಮ್ಮ ಕಡೆ ಅಂಥ ಒಂದು ಜೋಡಿ ಇಲ್ಲದ ನೆಂಟಸ್ತಿಕೆಯೇ ಕಡಿಮೆ. ನನ್ನ ಸೋದರತ್ತೆಯದೂ ಅದೇ ಕಥೆ. ಮಾವ ಅವರಿಗೆ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಅತ್ತೆ ಈಗಲೂ ಅವರನ್ನು "ಸಾರ್" ಅಂತಲೇ ಕರೆಯುತ್ತಾರೆ. ಎಲ್ಲರೂ ನಗುತ್ತಾರೆ. ನನಗೆ ಯಾಕೋ ಅಷ್ಟು ನಗು ಬರುವುದಿಲ್ಲ.

ನನ್ನ ಉತ್ತರ ಸಣ್ಣದು: ಓದು ಮುಗಿಯುವ ತನಕ ಬೇಡ. ಕಾರಣ ಮಾತ್ರ ಜನ ಅಂದುಕೊಂಡದ್ದಲ್ಲ. ಮಾನ ಮರ್ಯಾದೆಯ ಮಾತಲ್ಲ, ಗುರು ದೇವರ ಸಮಾನ ಅನ್ನುವ ಮಾತಂತೂ ಅಲ್ಲವೇ ಅಲ್ಲ. ಹರ ಮುನಿದರೆ ಗುರು ಕಾಯುತ್ತಾನೆ ಅಂತ ಕೇಳಿಕೊಂಡೇ ಬೆಳೆದವರು ನಾವು. ಆ ಗಾದೆಗೆ ಇನ್ನರ್ಧ ಇದೆ, ಅದನ್ನು ಶಿಕ್ಷಕರ ದಿನಾಚರಣೆ ಭಾಷಣದಲ್ಲಿ ಯಾರೂ ಹೇಳುವುದಿಲ್ಲ: ಗುರು ಮುನಿದರೆ ಹರನೂ ಕಾಯಲಾರ. ಇಂಟರ್ನಲ್ ಮಾರ್ಕ್ಸ್ ಹಾಕುವವರು ನಾವು. 75 ಪರ್ಸೆಂಟ್ ಹಾಜರಾತಿ ಇದೆಯೋ ಇಲ್ಲವೋ ಅಂತ ಬರೆಯುವವರೂ ನಾವು. ನಾವು ಮುನಿದರೆ ಆ ಮಗು ಯಾವ ದೇವರ ಹತ್ತಿರ ಹೋಗಬೇಕು?

ನನ್ನದೇ ಕಥೆ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಬೇರೆ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಓದುತ್ತಿದ್ದೆ. ಅಲ್ಲೊಬ್ಬ ಮೇಷ್ಟ್ರು. ಚೆನ್ನಾಗಿ ಪಾಠ ಮಾಡುತ್ತಿದ್ದರು. ನನ್ನ ಸೆಮಿನಾರ್ ಬರಹ ಅವರಿಗೆ ಹಿಡಿಸಿತು. ಆಮೇಲೆ ಲೈಬ್ರರಿಯಲ್ಲಿ ಸಿಗದ ಪುಸ್ತಕಗಳನ್ನು ತಾವೇ ತಂದುಕೊಡಲು ಶುರು ಮಾಡಿದರು. ಒಳಗೆ ಪುಟದ ಗುರುತಿಗೆ ಅಂತ ಒಂದು ಚೀಟಿ. ಚೀಟಿಯಲ್ಲಿ ಒಂದೆರಡು ಸಾಲು. ರಜೆಯಲ್ಲಿ ಆಲೂರಿನ ನಮ್ಮ ಮನೆಗೆ ಇನ್‌ಲ್ಯಾಂಡ್ ಲೆಟರ್ ಬಂತು. ಮೂರು ಪ್ಯಾರಾ ಪುಸ್ತಕದ ವಿಚಾರ, ಕೊನೆಗೆ "ನೀವಿಲ್ಲದೆ ತರಗತಿ ಬಣಗುಡುತ್ತಿದೆ." ರಜೆಯಲ್ಲಿ ತರಗತಿ ಬಣಗುಡದೆ ಇನ್ನೇನು ಮಾಡುತ್ತದೆ ಅಂತ ಈಗ ನಗುತ್ತೇನೆ. ಆಗ ನಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು.

ಅವರು ನನ್ನನ್ನು ಮುಟ್ಟಲಿಲ್ಲ, ಏನೂ ಕೇಳಲಿಲ್ಲ. ದೂರು ಕೊಡುವಂಥದ್ದು ಏನೂ ನಡೆಯಲಿಲ್ಲ. ಆ ಪೇಪರ್‌ನಲ್ಲಿ ನನಗೆ 72 ಬಂತು, ತರಗತಿಗೇ ಹೆಚ್ಚು. ಹಾಸ್ಟೆಲ್ ಮೆಸ್ಸಿನಲ್ಲಿ ಗೆಳತಿಯೊಬ್ಬಳು ಸಾರು ಬಡಿಸಿಕೊಳ್ಳುತ್ತಾ, "ಬಿಡೇ, ಅದು ಸಾರ್ ಕೊಟ್ಟಿದ್ದು" ಅಂದಳು. ಅಷ್ಟೇ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾನು ಬರೆದದ್ದಕ್ಕೆ 72 ಬಂತೋ, ನನಗೆ 72 ಬಂತೋ ಗೊತ್ತಿಲ್ಲ. ಅಂಕಪಟ್ಟಿಯಲ್ಲಿ ಆ ಒಂದು ಸಾಲಿನ ಮೇಲೆ ಕಣ್ಣು ಹೋದಾಗಲೆಲ್ಲ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಅಲ್ಲೇ ಪಿಎಚ್.ಡಿ. ಮಾಡಬೇಕು ಅಂದುಕೊಂಡಿದ್ದೆ. ಅರ್ಜಿ ಹಾಕಲಿಲ್ಲ. ಮನೆಯಲ್ಲಿ ದುಡ್ಡಿಲ್ಲ ಅಂತ ಎಲ್ಲರಿಗೂ ಹೇಳಿದೆ. ದುಡ್ಡೂ ಇರಲಿಲ್ಲ ಬಿಡಿ.

ಇಬ್ಬರಿಗೂ ಇಷ್ಟ ಇದ್ದರೆ ಏನು ಕಷ್ಟ ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಮೆಸ್ಸು, ಆ ಸಾರು. ಇಷ್ಟ ಇಬ್ಬರದೇ ಇರಬಹುದು, ತರಗತಿಯಲ್ಲಿ ಕೂತವರು ಅರವತ್ತು ಜನ. ಆ ಅರವತ್ತರಲ್ಲಿ ಒಬ್ಬರೂ ಇನ್ನು ಆ ಮೇಷ್ಟ್ರ ಅಂಕವನ್ನು ನಂಬುವುದಿಲ್ಲ. ಅಂಕ ತೆಗೆದುಕೊಂಡವಳೂ ನಂಬುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ಕೇಳುತ್ತಾರೆ. ಹದಿನೆಂಟು ತುಂಬದವರ ವಿಷಯದಲ್ಲಿ ಚರ್ಚೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಗೆ ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ, ಅದೇ ಸಂಸ್ಥೆಯ ಸಿಬ್ಬಂದಿಯೇ ತಪ್ಪಿತಸ್ಥನಾದರೆ ಶಿಕ್ಷೆ ಇನ್ನೂ ಜಾಸ್ತಿ. ಪಿಯುಸಿ ಮಕ್ಕಳು ಬಿಡಿ, ಡಿಗ್ರಿ ಮೊದಲ ವರ್ಷದಲ್ಲೂ ಹದಿನೇಳರವರು ಇರುತ್ತಾರೆ, ಇದನ್ನು ಬಹಳ ಜನ ಮರೆಯುತ್ತಾರೆ. ಹದಿನೆಂಟು ದಾಟಿದ ಮೇಲೂ ಕಾನೂನು ಕಣ್ಣು ಮುಚ್ಚುವುದಿಲ್ಲ. ಅಧಿಕಾರದ ಸ್ಥಾನದಲ್ಲಿರುವವನು ಆ ಸ್ಥಾನವನ್ನೇ ಬಳಸಿ ತನ್ನ ಕೈಕೆಳಗಿರುವ ಹೆಣ್ಣನ್ನು ಲೈಂಗಿಕ ಸಂಬಂಧಕ್ಕೆ ಒಲಿಸಿಕೊಂಡರೆ, ಅದು ಅತ್ಯಾಚಾರ ಅಲ್ಲದಿದ್ದರೂ 5ರಿಂದ 10 ವರ್ಷ ಜೈಲು. ಭಾರತೀಯ ನ್ಯಾಯ ಸಂಹಿತೆಯ 68ನೇ ಸೆಕ್ಷನ್ ಇದು.

ಇನ್ನು ಕಮಿಟಿ ಅಂದರೆ ಆಂತರಿಕ ದೂರು ಸಮಿತಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿ ಪ್ರಕಾರ ಪ್ರತಿ ಕಾಲೇಜಿನಲ್ಲೂ ಇರಬೇಕು. ಹಿರಿಯ ಅಧ್ಯಾಪಕಿ ಒಬ್ಬರು ಅಧ್ಯಕ್ಷೆ. ವಿದ್ಯಾರ್ಥಿಗಳ ವಿಷಯ ಬಂದರೆ ಮೂವರು ವಿದ್ಯಾರ್ಥಿಗಳೂ ಸದಸ್ಯರು. ನನಗೆ ಇಷ್ಟವಾದ ನಿಯಮ ಬೇರೆ: ಕುಲಪತಿ, ಕುಲಸಚಿವರು, ವಿಭಾಗದ ಮುಖ್ಯಸ್ಥರು ಇದರಲ್ಲಿ ಇರುವ ಹಾಗಿಲ್ಲ. ಕುರ್ಚಿ ದೊಡ್ಡದಾದಷ್ಟೂ ಎದುರು ನಿಂತವರ ಬಾಯಿ ಕಟ್ಟುತ್ತದೆ ಅಂತ ನಿಯಮ ಬರೆದವರಿಗೆ ಗೊತ್ತಿತ್ತು. ದೂರನ್ನು 3 ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಸಮಿತಿಯ ಮುಂದೆ ಬಂದದ್ದನ್ನು ಹೊರಗೆ ಹೇಳುವ ಹಾಗಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಸಾಲಿನಲ್ಲಿ ನಿಂತವಳಿಗೂ ಹೇಳಲಿಲ್ಲ, ಅವಳಿಗೆ ಸ್ವಲ್ಪ ಬೇಜಾರಾಯಿತು.

ಆ ನಿಯಮಾವಳಿ ಇರುವುದು ಕಿರುಕುಳ ತಡೆಯಲು. ಪ್ರೀತಿಗೆ ಏನು ಮಾಡಬೇಕು ಅನ್ನುವುದನ್ನು ನಮ್ಮ ಬುದ್ಧಿಗೇ ಬಿಟ್ಟಿದ್ದಾರೆ. ನಮ್ಮ ಬುದ್ಧಿ ಈ ವಿಷಯದಲ್ಲಿ ಅಷ್ಟಕ್ಕಷ್ಟೇ.

ಯಾಕೆ ಅಂದರೆ ಇದು ಸಣ್ಣ ಊರು. ಹಾಸನದಲ್ಲಿ ಯಾರೂ ಯಾರಿಗೂ ಬರೀ ಮೇಷ್ಟ್ರಲ್ಲ. ಪಕ್ಕದ ಮನೆಯವರ ಮಗಳು ನನ್ನ ವಿದ್ಯಾರ್ಥಿನಿ, ನನ್ನ ಸಹೋದ್ಯೋಗಿ ಇನ್ನೊಬ್ಬಳಿಗೆ ಭಾವ. ಅರಕಲಗೂಡಿನಿಂದ, ಬೇಲೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿಗೆ ಸಂಜೆ ಬಸ್ಸು ತಪ್ಪಿದರೆ ಯಾರದೋ ಬೈಕು ಸಿದ್ಧ. ಅಡ್ಮಿಷನ್ ದಿನ ಅಪ್ಪ ಬಂದು, "ಮೇಡಂನೋರೇ, ಮಗೀನ ನಿಮ್ ಕೈಗೇ ಒಪ್ಸಿದೀವಿ, ನಿಮ್ ಮಗ್ಳು ಅಂದ್ಕಳಿ" ಅನ್ನುತ್ತಾರೆ. ಸಕಲೇಶಪುರದ ಕಡೆಯವರಾದರೆ ಒಂದು ಕೇಜಿ ಕಾಫಿಪುಡಿಯೂ ಬರುತ್ತದೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ, ಹಾಗಾಗಿ ಅದು ಸ್ಟಾಫ್ ರೂಮಿನ ಡಬ್ಬಿಗೆ ಹೋಗುತ್ತದೆ.

ಆ "ಮಗಳ ಥರ" ಅನ್ನುವ ಮಾತಿಗೆ ನಾನು ತುಂಬಾ ಹೆದರುತ್ತೇನೆ. ಅಪ್ಪ ನಂಬಿಕೆಯಿಂದ ಹೇಳಿದ ಮಾತನ್ನೇ ಹಿಡಿದುಕೊಂಡು ಹೆಗಲ ಮೇಲೆ ಕೈ ಹಾಕುವವರನ್ನು ನೋಡಿದ್ದೇನೆ. "ಮಗಳ ಥರ ಅಲ್ವಾ, ಏನಾಯ್ತೀಗ?" ನಿಮ್ಮ ಮಗಳಿಗೆ ನೀವು ಇಂಟರ್ನಲ್ಸ್ ಹಾಕುತ್ತೀರಾ ಸಾರ್ ಅಂತ ಒಮ್ಮೆ ಕೇಳಿದ್ದೆ. ಒಂದು ತಿಂಗಳು ಮಾತು ಬಿಟ್ಟರು.

ಗಡಿ ಅಂದ ತಕ್ಷಣ ಎಲ್ಲರೂ ಪ್ರೇಮದ ಬಗ್ಗೆಯೇ ಯೋಚಿಸುತ್ತಾರೆ. ಶನಿವಾರ ಬೆಳಿಗ್ಗೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಗೈಡ್ ಮನೆಗೆ ತರಕಾರಿ ಆರಿಸುತ್ತಿರುವ ಪಿಎಚ್.ಡಿ. ಹುಡುಗನನ್ನು ಯಾರೂ ನೋಡುವುದಿಲ್ಲ. ಅವನಿಗೂ ವಯಸ್ಸು ಹದಿನೆಂಟು ದಾಟಿದೆ, ಕೇಳಿದರೆ "ಇಷ್ಟಪಟ್ಟೇ ಮಾಡ್ತೀನಿ ಮೇಡಂ" ಅನ್ನುತ್ತಾನೆ. ಪಿಎಚ್.ಡಿ.ಗೆ ಕಡಿಮೆ ಅಂದರೂ 3 ವರ್ಷ, ಎಳೆದರೆ 6. ಅಷ್ಟು ವರ್ಷ ಒಬ್ಬರ ಸಹಿಗೆ ಕಾಯುವವನು ಕ್ಯಾರೆಟ್ ಬೇಡ ಅನ್ನುತ್ತಾನಾ? ಅವನ ಇಷ್ಟಕ್ಕೂ ಆ ಹುಡುಗಿಯ ಇಷ್ಟಕ್ಕೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅತಿಥಿ ಉಪನ್ಯಾಸಕರು. ಎಂ.ಎ. ಮುಗಿಸಿದ ಮರುವರ್ಷವೇ ಅದೇ ವಿಭಾಗದಲ್ಲಿ ಪಾಠಕ್ಕೆ ನಿಲ್ಲುವ ಇಪ್ಪತ್ತನಾಲ್ಕರ ಹುಡುಗರು. ಅಂಥವನೊಬ್ಬ ನನ್ನ ಹತ್ತಿರ ಬಂದಿದ್ದ. ದೂರಿನ ಮಾತಲ್ಲ, ಸುಮ್ನೆ ಕಷ್ಟ ಹೇಳಿಕೊಳ್ಳಲು. ಇದನ್ನು ಬರೆಯಲು ಅವನೂ ಅವನ ಹುಡುಗಿಯೂ ಒಪ್ಪಿದ್ದಾರೆ. "ಮೇಡಂ, ಹೋದ ವರ್ಷ ನಾನು ಅವಳ ಸೀನಿಯರ್. ಕ್ಯಾಂಟೀನಲ್ಲಿ ಒಂದೇ ಪ್ಲೇಟ್ ಇಡ್ಲಿ ತಿಂತಿದ್ವಿ. ಈ ವರ್ಷ ನಾನು ಪಾಪ ಮಾಡಿದ ಹಾಗಾಯ್ತಾ?" ಅಂದ.

ಪಾಪ ಏನಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2010ರಲ್ಲಿ, ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನ ವಿಭಾಗ 2015ರಲ್ಲಿ ಪದವಿ ವಿದ್ಯಾರ್ಥಿಗಳ ಜೊತೆ ಅಧ್ಯಾಪಕರ ಇಂಥ ಸಂಬಂಧವನ್ನು ಪೂರ್ತಿ ನಿಷೇಧಿಸಿದವು. ಆಕ್ಸ್‌ಫರ್ಡ್ 2023ರಲ್ಲಿ ತಮ್ಮ ಜವಾಬ್ದಾರಿಯಲ್ಲಿರುವ ವಿದ್ಯಾರ್ಥಿಗಳ ಜೊತೆ ಬೇಡ ಅಂದಿತು. ಈ ಹುಡುಗನಿಗೆ ಸರಿಹೊಂದುವುದು ಆಕ್ಸ್‌ಫರ್ಡ್ ನಿಯಮ ಅನ್ನಿಸಿತು. "ಪ್ರೀತಿ ಬಿಡು ಅನ್ನಲ್ಲ ಕಣಪ್ಪ, ಪೆನ್ನು ಬಿಡು" ಅಂದೆ. ಮುಖ್ಯಸ್ಥರಿಗೆ ಹೋಗಿ ಹೇಳು, ಅವಳ ಪೇಪರ್, ವೈವಾ, ಹಾಜರಾತಿ ಎಲ್ಲ ಬೇರೆಯವರ ಕೈಗೆ ಹೋಗಲಿ. ಅವಳ ಕೋರ್ಸ್ ಮುಗಿಯುವ ತನಕ ಕ್ಯಾಂಪಸ್ಸಿನಲ್ಲಿ ಇಡ್ಲಿ ಎರಡು ಪ್ಲೇಟು.

ಅವನು ಹೋಗಿ ಹೇಳಿದ. ಮುಖ್ಯಸ್ಥರು "ಶುಭವಾಗಲಿ" ಅಂದು ನಕ್ಕು, ಎರಡು ವಾರ ಏನೂ ಮಾಡಲಿಲ್ಲ. ಮತ್ತೆ ಹೋಗಿ ಬೆನ್ನು ಹತ್ತಿದ. ಕೊನೆಗೆ ಅವಳ ಇಂಟರ್ನಲ್ಸನ್ನು ಬೇರೆ ಮೇಡಂ ಒಬ್ಬರು ಹಾಕಿದರು. ಆ ಮೇಡಂ ಕೈ ಬಿಗಿ. ಕೋರ್ಸ್ ಮುಗಿದು ಎರಡು ವರ್ಷಕ್ಕೆ ಇಬ್ಬರೂ ಮದುವೆಯಾದರು, ಈಗ ಹಾಸನದಲ್ಲೇ ಇದ್ದಾರೆ. ಮೊನ್ನೆ ಮನೆಗೆ ಹೋಗಿದ್ದೆ. ಕಾಫಿ ಲೋಟ ಕೈಗೆ ಕೊಡುತ್ತಾ ಅವಳು, "ನಿಮ್ ಮಾತು ಕೇಳಿ ನಂಗೆ ಮೂರು ಮಾರ್ಕ್ಸ್ ಹೋಯ್ತು ಮೇಡಂ" ಅಂದಳು. ಯಾವ ಪ್ರಶ್ನೆಗೆ ಎಷ್ಟು ಹೋಯಿತು ಅಂತ ಕೂತು ಲೆಕ್ಕವನ್ನೂ ಹೇಳಿದಳು.