ದೇವಿಮನೆ ಏರಿನಲ್ಲಿ ಕಾಂಟೆಸ್ಸಾ

ಕತಗಾಲ ದಾಟಿದ ಮೇಲೆ ಕುಮಟಾ-ಶಿರಸಿ ರಸ್ತೆ ಕಾಡಿನೊಳಗೆ ಹೊಕ್ಕು ದೇವಿಮನೆ ಘಾಟಿ ಏರತೊಡಗುತ್ತದೆ. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಆ ಏರಿನಲ್ಲಿ ನಮ್ಮ ಹಳೆಯ ಕಾಂಟೆಸ್ಸಾ ಕಾರು ಎರಡನೆಯ ಗೇರಿನಲ್ಲಿ ಹತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಆಯಿ ಮತ್ತು ಹೆಂಡತಿ, ಅವರಿಬ್ಬರ ನಡುವೆ ಶಿರಸಿಯ ಅಕ್ಕನಿಗೆಂದು ತೆಗೆದುಕೊಂಡ ಕರಿ ಈಶಾಡ ಮಾವಿನ ಬುಟ್ಟಿ. ಮಗಳು ನನ್ನ ಪಕ್ಕದಲ್ಲಿ. ಮದುವೆಯ ಮುಹೂರ್ತಕ್ಕೆ ಇನ್ನೂ ಎರಡು ಗಂಟೆ ಇತ್ತು. ಮೂರು ತಿರುವು ಕಳೆಯುವುದರೊಳಗೆ ಶಾಖ ತೋರಿಸುವ ಮುಳ್ಳು ಅರ್ಧ ದಾಟಿತು. ಇನ್ನೆರಡು ತಿರುವಿಗೆ ಕೆಂಪು ಗೆರೆ ಮುಟ್ಟಿತು.

"ಅಪ್ಪಾ, ಹೊಗೆ," ಎಂದಳು ಮಗಳು. ಹೊಗೆಯಲ್ಲ, ಉಗಿ. ಬಾನೆಟ್ಟಿನ ಎರಡೂ ಅಂಚಿನಿಂದ ಬೆಳ್ಳಗೆ ಏಳುತ್ತಿತ್ತು.

ರಸ್ತೆ ಸ್ವಲ್ಪ ಅಗಲವಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿದೆ. ಕೆಳಗೆ ಇಳಿಯುತ್ತಿದ್ದ ಲಾರಿಯೊಂದು ನಿಂತಿತು. ಚಾಲಕ ಕಿಟಕಿಯಿಂದಲೇ, "ಅಣ್ಣಾ, ನೀರಿನ ಮುಚ್ಚಳ ಮಾತ್ರ ಮುಟ್ಟಬೇಡಿ, ಮುಖ ಸುಟ್ಟುಹೋಗುತ್ತದೆ," ಎಂದು ಕೂಗಿ, ಇಳಿದು ಬಂದು, ಒಂದು ಕ್ಯಾನ್ ನೀರು ಇಟ್ಟು ಹೋದರು. ಹೆಸರು ಕೇಳಲೂ ಆಗಲಿಲ್ಲ. ಮುಕ್ಕಾಲು ಗಂಟೆ ಕಾದೆವು. ಆಯಿ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಮಗಳಿಗೆ ಕೊಟ್ಟು, "ಗಾಡಿಗೂ ಬಾಯಾರಿಕೆ ಆಗುತ್ತದೆ ಮಗಾ," ಎಂದರು. ಆಮೇಲೆ ನೀರು ತುಂಬಿ, ಎರಡು ಕಡೆ ಮತ್ತೆ ನಿಂತು, ಶಿರಸಿ ಮುಟ್ಟುವಾಗ ಊಟದ ಎರಡನೆಯ ಪಂಕ್ತಿ ಎದ್ದಿತ್ತು.

ಈ ಕಾರು ಶಿರಸಿಯದೇ. 2017ರಲ್ಲಿ ಭಾವನ ಪರಿಚಯದ ಅಡಿಕೆ ಬೆಳೆಗಾರರೊಬ್ಬರ ಕೊಟ್ಟಿಗೆಯಲ್ಲಿ, ಸೋಗೆ ಹೊರೆಗಳ ಪಕ್ಕದಲ್ಲಿ ನಿಂತಿದ್ದದ್ದನ್ನು 85 ಸಾವಿರಕ್ಕೆ ತಂದೆ. 1996ರ ಕಾಂಟೆಸ್ಸಾ ಕ್ಲಾಸಿಕ್. ಹಳೆಯ ಕಾರುಗಳನ್ನು ಪ್ರೀತಿಸುವವರು ಇದನ್ನು ಭಾರತದ ಮಸಲ್ ಕಾರ್ ಎಂದು ಕರೆಯುತ್ತಾರೆ. ಅಮೆರಿಕದ ಮಸಲ್ ಕಾರುಗಳಲ್ಲಿ ಇರುವುದು ಎಂಟು ಸಿಲಿಂಡರಿನ ದೊಡ್ಡ ಎಂಜಿನ್, ನಮ್ಮದರಲ್ಲಿ ನಾಲ್ಕೇ. ಆದರೆ ಆ ಉದ್ದನೆಯ ಬಾನೆಟ್, ತಗ್ಗಿದ ಮೈ, ಹಿಂದಿನ ಚಕ್ರ ತಳ್ಳುವ ಆ ನಡಿಗೆ ನೋಡಿದವರಿಗೆ ಆ ಹೆಸರು ತಪ್ಪೆನಿಸುವುದಿಲ್ಲ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಿನ್ಯಾಸವನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ಕಟ್ಟಿತು. ಮೊದಲು ಇದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್ನೇ, ಅಷ್ಟು ದೊಡ್ಡ ಮೈಗೆ ಅದು ಸಾಲುತ್ತಿರಲಿಲ್ಲ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು ಬಂದವು. 2002ರಲ್ಲಿ ತಯಾರಿ ನಿಂತಿತು. ನಾನು ಹುಡುಗನಾಗಿದ್ದಾಗ ಅಂಕೋಲಾದಲ್ಲಿ ಬಾಡಿಗೆಗೆ ಓಡುತ್ತಿದ್ದದ್ದು ಅಂಬಾಸಿಡರ್. ಕಾಂಟೆಸ್ಸಾ ಬಂದರೆ ಯಾರೋ ದೊಡ್ಡ ಅಧಿಕಾರಿ ಕಾರವಾರಕ್ಕೆ ಹೊರಟಿದ್ದಾರೆ ಎಂದು ಶಾಲೆಯಿಂದ ಬರುವಾಗ ಹೆದ್ದಾರಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದೆವು. ಒಬ್ಬ ಪ್ರೌಢಶಾಲೆಯ ವಿಜ್ಞಾನ ಮಾಸ್ತರನ ಅಂಗಳಕ್ಕೆ ಅದು ಬಂದ ದಿನದ ಸಂತೋಷ ಈಗಲೂ ಹಾಗೆಯೇ ಇದೆ.

ಘಾಟಿಯಿಂದ ಮರಳಿದ ಮೇಲೆ ಸಲಹೆಗಳು ಬಂದವು. ಒಬ್ಬರು ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್ ಹೊಸದು ಹಾಕಿ ಎಂದರು, ಇನ್ನೊಬ್ಬರು ವಾಟರ್ ಪಂಪ್ ಹೋಗಿದೆ ಎಂದರು, ಮತ್ತೊಬ್ಬರು ಹೆಡ್ ಗ್ಯಾಸ್ಕೆಟ್ಟೇ ಎಂದು ಖಚಿತವಾಗಿ ಹೇಳಿದರು. ಒಂದು ಗ್ಯಾರೇಜಿನಲ್ಲಿ ಅರ್ಧ ಗಂಟೆ ಎಂಜಿನ್ ಚಾಲೂ ಇಟ್ಟು ನೋಡಿದರು. ಮುಳ್ಳು ಕಾಲು ಭಾಗವನ್ನೂ ದಾಟಲಿಲ್ಲ. "ಮಾಸ್ತರೇ, ಏನೂ ಇಲ್ಲ," ಎಂದು ಕಳುಹಿಸಿದರು. ಆ ಕಾಲು ಭಾಗವೇ ನನ್ನನ್ನು ಕಾಡತೊಡಗಿತು. ಏಳು ವರ್ಷ ನಾನು ಅದನ್ನು ಎಂಜಿನ್ನಿನ ಆರೋಗ್ಯ ಎಂದು ತಿಳಿದಿದ್ದೆ. ಚೆನ್ನಾಗಿರುವ ಎಂಜಿನ್ನಿನ ಮುಳ್ಳು ಹೆಚ್ಚುಕಡಿಮೆ ನಡುವಿನಲ್ಲಿ ನಿಲ್ಲಬೇಕು. ಅಂದರೆ ಸಪಾಟು ರಸ್ತೆಯಲ್ಲಿ ಇದು ಬೇಕಾದಷ್ಟು ಬಿಸಿಯಾಗುತ್ತಲೇ ಇರಲಿಲ್ಲ, ಏರಿನಲ್ಲಿ ಮಾತ್ರ ಕುದಿಯುತ್ತಿತ್ತು. ಎರಡಕ್ಕೂ ಒಂದೇ ಕಾರಣ ಇರಲಾರದು.

ಮೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲೇ ಶುರು ಮಾಡಿದೆ. ಲುಂಗಿ ಬಿಟ್ಟು ಪ್ಯಾಂಟ್ ಹಾಕಿಕೊಂಡೆ. ತಿರುಗುವ ಫ್ಯಾನಿನ ಹತ್ತಿರ ಸಡಿಲ ಬಟ್ಟೆಯಲ್ಲಿ ಹೋಗಬಾರದು. ಎಂಜಿನ್ ಚಾಲೂ ಮಾಡಿ ಬಿಸಿಯಾದ ಮೇಲೆ ಆಫ್ ಮಾಡಿ, ರೇಡಿಯೇಟರಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಸವರಿದೆ. ಬಲಭಾಗ ಕೈ ಸುಡುವಂತಿತ್ತು. ಎಡಭಾಗದಲ್ಲಿ, ಕೆಳಗಿನ ಮೂಲೆಯಿಂದ ಮೇಲಕ್ಕೆ ಒಂದು ಗೇಣಿನಷ್ಟು ಜಾಗ ತಣ್ಣಗಿತ್ತು. ಬಿಸಿ ನೀರು ಅಲ್ಲಿಗೆ ಹೋಗುತ್ತಲೇ ಇಲ್ಲ, ಒಳಗಿನ ನಾಳಗಳು ಕಟ್ಟಿವೆ ಎಂದಾಯಿತು.

ಆಮೇಲೆ ಮಗಳನ್ನು ಚಾಲಕನ ಸೀಟಿನಲ್ಲಿ ಕೂರಿಸಿದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರು ನ್ಯೂಟ್ರಲ್ಲಿನಲ್ಲಿ ಇಟ್ಟು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, "ನಿಧಾನವಾಗಿ ಒತ್ತು, ಘಾಟಿ ಹತ್ತುವಾಗ ಹೇಗೆ ಕೇಳುತ್ತದೆಯೋ ಅಷ್ಟಕ್ಕೆ ತಂದು ಹಿಡಿ," ಎಂದೆ. ಅವಳು ಒತ್ತಿದಳು. ನಾನು ಪಕ್ಕದಲ್ಲಿ ಬಗ್ಗಿ, ರೇಡಿಯೇಟರಿನ ಬುಡದಿಂದ ವಾಟರ್ ಪಂಪಿಗೆ ಹೋಗುವ ಕೆಳಗಿನ ಹೋಸ್ ಪೈಪನ್ನೇ ನೋಡುತ್ತಿದ್ದೆ. ಸದ್ದು ಏರಿದಂತೆ ಆ ದಪ್ಪ ಕಪ್ಪು ಪೈಪಿನ ನಡು ಕುಗ್ಗಿತು. ಕುಡಿಯುವವನು ಜೋರಾಗಿ ಎಳೆದಾಗ ಮೆತ್ತನೆಯ ಸ್ಟ್ರಾ ಅಂಟಿಕೊಳ್ಳುತ್ತದಲ್ಲ, ಹಾಗೆಯೇ ಎರಡು ಗೋಡೆಗಳೂ ಒಂದಕ್ಕೊಂದು ಅಂಟಿದವು. "ಬಿಡು," ಎಂದೆ. ಕಾಲು ತೆಗೆದಳು. ಪೈಪು ಉಸಿರು ಎಳೆದುಕೊಂಡಂತೆ ಮತ್ತೆ ದುಂಡಗಾಯಿತು. ಮೂರು ಸಲ ಮಾಡಿಸಿದೆ. ಮೂರು ಸಲವೂ ಹಾಗೆಯೇ ಆಯಿತು. ಗ್ಯಾರೇಜಿನಲ್ಲಿ ಎಂಜಿನ್ ಸುಮ್ಮನೆ ಚಾಲೂ ಇದ್ದಾಗ ಇದು ಯಾರ ಕಣ್ಣಿಗೆ ಬೀಳಬೇಕು!

ಪಂಪು ನೀರನ್ನು ಎಳೆಯುವುದು ಈ ಪೈಪಿನಿಂದ. ನಾಳ ಕಟ್ಟಿದ ರೇಡಿಯೇಟರಿನಿಂದ ಅದಕ್ಕೆ ಬೇಕಾದಷ್ಟು ನೀರು ಇಳಿಯುವುದಿಲ್ಲ; ಎಳೆತ ಹೆಚ್ಚಿದಾಗ, ಹಳೆಯದಾಗಿ ಮೆತ್ತಗಾದ ರಬ್ಬರು ಕುಸಿಯುತ್ತದೆ. ಇದ್ದಷ್ಟು ನೀರೂ ಆಗಲೇ ನಿಂತುಹೋಗುತ್ತದೆ. ರೇಡಿಯೇಟರಿನ ಮುಚ್ಚಳ ಸರಿಯಾಗಿ ಒತ್ತಡ ಹಿಡಿದಿದ್ದರೆ ಒಳಗಿನ ಒತ್ತಡವೇ ಪೈಪನ್ನು ಉಬ್ಬಿಸಿಡುತ್ತಿತ್ತು. ಎಂಜಿನ್ ತಣಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಅದರ ರಬ್ಬರ್ ವಾಷರು ಒಣಗಿದ ಹಲಸಿನ ಎಲೆಯಂತೆ ಗಡುಸಾಗಿ ಸೀಳಿತ್ತು. ಮುಚ್ಚಳದ ಮೇಲೆ 0.9 ಎಂದು ಅಚ್ಚು ಇದೆ, ಅದು ಹಿಡಿಯಬೇಕಾದ ಒತ್ತಡ, ಬಾರ್ ಲೆಕ್ಕದಲ್ಲಿ. ಅಷ್ಟು ಒತ್ತಡ ನಿಂತರೆ ಒಳಗಿನ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಒತ್ತಡವೇ ನಿಲ್ಲದಿದ್ದರೆ ಒಲೆಯ ಮೇಲಿನ ಪಾತ್ರೆಯಂತೆ 100ಕ್ಕೇ ಕುದಿಯುತ್ತದೆ. ತರಗತಿಯಲ್ಲಿ ಪ್ರತಿ ವರ್ಷ ಒತ್ತಡ ಮತ್ತು ಕುದಿಯುವ ಬಿಂದು ಎಂದು ಪಾಠ ಮಾಡುತ್ತೇನೆ. ಪ್ರೆಷರ್ ಕುಕ್ಕರಿನ ಉದಾಹರಣೆ ಕೊಡುತ್ತೇನೆ.

ಕೆಳಗೆ ಬಕೆಟ್ ಇಟ್ಟು ನೀರು ಇಳಿಸಿದೆ. ಚಿರೆಕಲ್ಲಿನ ಅಂಗಳದಲ್ಲಿ ಮೊದಲ ಮಳೆಯ ನೀರು ಹರಿದಂತೆ ಕೆಂಪಗೆ ಬಂತು. ಬಕೆಟ್ಟಿನ ತಳದಲ್ಲಿ ಒಂದು ಬೆರಳು ಗಸಿ ಕುಳಿತಿತು. ಹಿಂದಿನವರು ಹಾಕಿದ್ದೂ ಬಾವಿಯ ನೀರು, ನಾನು ಏಳು ವರ್ಷ ಹಾಕಿದ್ದೂ ಬಾವಿಯ ನೀರೇ. ನಮ್ಮ ಮನೆ ಬೇಲೆಕೇರಿಯ ಕಡೆಗೆ, ಸಮುದ್ರ ಕೂಗಳತೆಯಲ್ಲಿ. ಬೇಸಿಗೆಯ ಕೊನೆಗೆ ಬಾವಿಯ ನೀರಿಗೆ ಸವಳು ಬರುತ್ತದೆ, ಆ ನೀರಿನಲ್ಲಿ ಬೇಳೆ ಸಹ ಬೇಗ ಬೇಯುವುದಿಲ್ಲ. ಅಂತಹ ನೀರನ್ನು ಬೀಡು ಕಬ್ಬಿಣದ ಎಂಜಿನ್ನಿನೊಳಗೆ ದಿನವೂ ಬಿಸಿ ಮಾಡಿದರೆ ಒಳಗೆ ತುಕ್ಕೂ ಸುಣ್ಣವೂ ಕಟ್ಟದೆ ಏನಾಗುತ್ತದೆ?

ಮೇಲಿನ ಪೈಪು ಸೇರುವ ಥರ್ಮೋಸ್ಟಾಟ್ ಗೂಡನ್ನು ಬಿಚ್ಚಿದಾಗ ಇನ್ನೊಂದು ಉತ್ತರ ಸಿಕ್ಕಿತು. ಎಂಜಿನ್ ಬೇಕಾದಷ್ಟು ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಥರ್ಮೋಸ್ಟಾಟ್. ಗೂಡು ಖಾಲಿ. ಯಾವುದೋ ಕಾಲದಲ್ಲಿ ಯಾರೋ ಮೆಕ್ಯಾನಿಕ್ ಥರ್ಮೋಸ್ಟಾಟನ್ನೇ ತೆಗೆದು ಎಸೆದಿದ್ದರು. ನಮ್ಮ ಕಡೆ ಇದು ಬಹಳ ಹಳೆಯ ರೂಢಿ: ಸೆಕೆಯ ಊರಿಗೆ ಅದು ಬೇಡ ಎಂದು ಹೇಳುತ್ತಾರೆ. ನನಗೆ ಇದು ನಿಜವಾಗಿಯೂ ನೋವು ಕೊಡುವ ಸಂಗತಿ. ಅದು ಇಲ್ಲದ ಎಂಜಿನ್ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಮುಳ್ಳನ್ನು ಏಳು ವರ್ಷ ಕೆಳಗೇ ಇರಿಸಿ, ರೇಡಿಯೇಟರ್ ಕಟ್ಟುತ್ತಾ ಬಂದದ್ದನ್ನು ಮುಚ್ಚಿಟ್ಟದ್ದು ಆ ಖಾಲಿ ಗೂಡೇ.

ರೇಡಿಯೇಟರನ್ನು ಬಿಚ್ಚಿ ಮರುದಿನ ಕುಮಟಾದ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಒಯ್ದೆ. ತಾಮ್ರ, ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆ ಹಾಕುವವರು ಈಗ ಕಡಿಮೆ. ಅವರು ಮೇಲಿನ ತೊಟ್ಟಿಯ ಬೆಸುಗೆಯನ್ನು ಕಾಯಿಸಿ ಬಿಡಿಸಿ, ಬೆಳಕಿಗೆ ಹಿಡಿದು, "ಮಾಸ್ತರೇ, ನಿಮ್ಮ ಬಾವಿ ಇದರೊಳಗೇ ಕುಳಿತಿದೆ ನೋಡಿ," ಎಂದರು. ಎಡಭಾಗದ 11 ನಾಳಗಳಲ್ಲಿ ಬೆಳಕು ಕಾಣಲಿಲ್ಲ. ಚಪ್ಪಟೆ ಸರಳನ್ನು ಒಂದೊಂದೇ ನಾಳಕ್ಕೆ ತೂರಿ, ಎಳೆದು, ನೀರು ಬಿಟ್ಟು, ಮತ್ತೆ ತೂರಿದರು. ಕೈ ಎಲ್ಲಿಯೂ ಅವಸರಪಡಲಿಲ್ಲ. ಒತ್ತಿದರೆ ನಾಳ ಹರಿದುಹೋಗುತ್ತದೆ ಎಂದು ಅವರಿಗೆ ಗೊತ್ತು. ಸಂಜೆಗೆ 11ರಲ್ಲಿ 10 ತೆರೆದವು. ಒಂದನ್ನು ಎರಡೂ ತುದಿಗೆ ಬೆಸುಗೆ ಹಾಕಿ ಮುಚ್ಚಿದರು.

ಬಿಡಿಭಾಗ ಸಿಗುವುದೇ ಈ ಕಾರಿನ ದೊಡ್ಡ ಕಷ್ಟ. ಹುಬ್ಬಳ್ಳಿಯ ಅಂಗಡಿಗೆ ಪೈಪಿನ ಒಳಗಿನ ವ್ಯಾಸ, ಬಾಗಿನ ಅಳತೆ, ಥರ್ಮೋಸ್ಟಾಟ್ ಕೂರುವ ಗೂಡಿನ ಅಳತೆ ಎಲ್ಲವನ್ನೂ ವರ್ನಿಯರ್ ಹಿಡಿದು ಅಳೆದು ಬರೆದು ಕಳುಹಿಸಿದ್ದೆ. ನಾಲ್ಕನೆಯ ದಿನ ಬಸ್ಸಿನಲ್ಲಿ ಪೊಟ್ಟಣ ಬಂತು: ಒಳಗೆ ಉಕ್ಕಿನ ಸುರುಳಿ ಇರುವ ಕೆಳಗಿನ ಪೈಪು, ಹೊಸ ಮುಚ್ಚಳ, 82 (ಅಷ್ಟು ಡಿಗ್ರಿಗೆ ತೆರೆಯಬೇಕು) ಎಂದು ಅಚ್ಚೊತ್ತಿದ ಥರ್ಮೋಸ್ಟಾಟ್.

ಹೊಸದಾದರೂ ಪರೀಕ್ಷಿಸದೆ ಹಾಕಲು ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಲಿಟ್ಟೆವು. ಥರ್ಮೋಸ್ಟಾಟಿನ ಕವಾಟವನ್ನು ಉಗುರಿನಿಂದ ಸ್ವಲ್ಪ ಒತ್ತಿ ತೆರೆದು, ಹೂ ಕಟ್ಟುವ ದಾರದ ತುದಿಯನ್ನು ಆ ಸಂದಿನಲ್ಲಿ ಸಿಕ್ಕಿಸಿ ಬಿಟ್ಟೆ. ಕವಾಟ ಮುಚ್ಚಿಕೊಂಡು ದಾರವನ್ನು ಕಚ್ಚಿ ಹಿಡಿಯಿತು. ದಾರದಿಂದಲೇ ಅದನ್ನು ನೀರಿನಲ್ಲಿ ತೂಗುಬಿಟ್ಟೆ. ಮಗಳು ಥರ್ಮಾಮೀಟರ್ ಹಿಡಿದು ಓದುತ್ತಾ ಹೋದಳು. "ಎಪ್ಪತ್ತು... ಎಪ್ಪತ್ತಾರು... ಎಂಬತ್ತು." ಆಯಿ ಸಹ ಬಂದು ಒಲೆಯ ಪಕ್ಕ ನಿಂತರು. ಕವಾಟದ ಕೆಳಗಿನ ಸಣ್ಣ ಡಬ್ಬಿಯಲ್ಲಿ ಮೇಣ ಇದೆ. ಅದು ಕರಗಿ ಹಿಗ್ಗಿದಾಗ ಕವಾಟವನ್ನು ತಳ್ಳುತ್ತದೆ ಎಂದು ಆಯಿಗೆ ವಿವರಿಸುತ್ತಿದ್ದೆ. "ಎಂಬತ್ತಮೂರು," ಎಂದಳು ಮಗಳು. ದಾರ ಸಡಿಲವಾಯಿತು. ಥರ್ಮೋಸ್ಟಾಟ್ ಪಾತ್ರೆಯ ತಳಕ್ಕೆ ಟಣ್ಣೆಂದು ಬಿತ್ತು.

ಜೋಡಿಸುವ ಕೆಲಸಕ್ಕೆ ಆ ಶನಿವಾರ ಪೂರ್ತಿ ಹೋಯಿತು. ಎಂಜಿನ್ನಿನ ನೀರಿನ ದಾರಿಗಳಿಗೆ ಹಿಂದುಮುಂದಾಗಿ ನೀರು ಬಿಟ್ಟು, ತಿಳಿಯಾಗಿ ಬರುವವರೆಗೆ ತೊಳೆದೆ. ಥರ್ಮೋಸ್ಟಾಟಿನಲ್ಲಿ ಗಾಳಿ ಹೋಗಲೆಂದು ಇರುವ ಸಣ್ಣ ತೂತು ಮೇಲಕ್ಕೆ ಬರುವಂತೆ ಕೂರಿಸಿದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅರ್ಧ, ನೀರು ಹೆಪ್ಪುಗಟ್ಟದಂತೆ ಬೆರೆಸುವ ಕೂಲಂಟ್ ಅರ್ಧ ತುಂಬಿದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅದರಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ನಮಗೆ ಬೇಕಾದದ್ದು ಅದೇ. ಒಂದು ಮಾತು ಇಲ್ಲಿ ಹೇಳಲೇಬೇಕು. ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಸಿಹಿ, ಮತ್ತು ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ, ಬೆಕ್ಕು ನೆಕ್ಕುತ್ತವೆ. ನಮ್ಮ ಅಂಗಳದಲ್ಲಿ ಕರು ಕಟ್ಟುತ್ತೇವೆ. ಕರುವನ್ನು ಹಿತ್ತಿಲಿಗೆ ಕಳುಹಿಸಿ, ಕೆಲಸ ಮುಗಿದ ಮೇಲೆ ಆ ಜಾಗವನ್ನು ನಾಲ್ಕು ಕೊಡ ನೀರಿನಲ್ಲಿ ತೊಳೆದೇ ಅದನ್ನು ಒಳಗೆ ತಂದದ್ದು.

ಬಾನೆಟ್ ತೆರೆದಿರುವಾಗಲೇ ಮಳೆಗಾಲದ ಸಿದ್ಧತೆಯನ್ನೂ ಮುಗಿಸಿದೆ. ಎಂಜಿನ್ ಕೆಟ್ಟರೆ ಸರಿ ಮಾಡಬಹುದು. ಮೈ ಕರಗಿದರೆ ಹಳೆಯ ಕಾರು ಹೋಯಿತೆಂದೇ. ಕರಾವಳಿಯಲ್ಲಿ ಗಾಳಿಯೇ ಉಪ್ಪು. ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಇರುವ ತೂತುಗಳಲ್ಲಿ ಎಲೆ, ಮಣ್ಣು ತುಂಬಿ ತೇವ ನಿಲ್ಲುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ. ತೆಂಗಿನ ಹಿಡಿಯ ಕಡ್ಡಿಯಿಂದ ಒಂದೊಂದನ್ನೂ ಬಿಡಿಸಿದೆ. ಹಿಂದಿನ ಚಕ್ರದ ಕಮಾನಿನ ಒಳಗೆ ಬಟಾಣಿಯಷ್ಟು ಗುಳ್ಳೆ ಎದ್ದಿತ್ತು. ಕೆರೆದು, ಪ್ರೈಮರ್ ಹಚ್ಚಿದೆ. ಪ್ಲಾಸ್ಟಿಕ್ ಹೊದಿಕೆ ನಾನು ಹಾಕುವುದಿಲ್ಲ, ಒಳಗೆ ತೇವ ಹಿಡಿದು ಅದೇ ಬಣ್ಣ ತಿನ್ನುತ್ತದೆ. ಗಾಳಿ ಆಡುವ ಚಪ್ಪರವೇ ಮೇಲು.

ಎಲ್ಲಾ ಸೇರಿ 6,400 ರೂಪಾಯಿ ಆಯಿತು. ಹೊಸ ರೇಡಿಯೇಟರ್, ಪಂಪು ಎಂದು ಹೊರಟಿದ್ದರೆ ಅದರ ನಾಲ್ಕು ಪಟ್ಟು ಹೋಗುತ್ತಿತ್ತು, ಪೈಪು ಮಾತ್ರ ಹಳೆಯದೇ ಉಳಿಯುತ್ತಿತ್ತು.

ಮೇ ಕೊನೆಯ ಭಾನುವಾರ ಮತ್ತೆ ಘಾಟಿಗೆ ಹೊರಟೆವು. ಮಗಳು ನೋಟ್‌ಬುಕ್ ಹಿಡಿದು ಕುಳಿತಿದ್ದಳು. ಕುಮಟಾ ಬಿಡುವಾಗ ಮುಳ್ಳು ನಡುವಿಗೆ ಬಂದು ನಿಂತಿತ್ತು. ಈ ಕಾರಿನಲ್ಲಿ ಅದನ್ನು ಅಲ್ಲಿ ನೋಡಿದ್ದು ನಾನು ಅದೇ ಮೊದಲು. ಕತಗಾಲ ದಾಟಿತು. ಕಳೆದ ಸಲ ನಿಂತಿದ್ದ ಜಾಗ ಬಂದಾಗ ಯಾರೂ ಮಾತಾಡಲಿಲ್ಲ. ಮುಂದಿನ ಕಡಿದಾದ ತಿರುವಿನಲ್ಲಿ ಮುಳ್ಳು ಒಂದು ಕೂದಲೆಳೆಯಷ್ಟು ಮೇಲೆ ಹೋಗಿ, ಏರು ಕಡಿಮೆಯಾದ ಕೂಡಲೇ ಇಳಿಯಿತು. ದೇವಿಮನೆಯಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿದೆ. ಮಗಳಿಗೆ ಹೇಳುವುದು ಬೇಕಾಗಲಿಲ್ಲ, ಸೀಟಿಗೆ ಹೋಗಿ ಕುಳಿತು ನಿಧಾನವಾಗಿ ಒತ್ತಿದಳು. ಸದ್ದು ಏರಿತು. ಕೆಳಗಿನ ಪೈಪು ದುಂಡಗೇ ಇತ್ತು.