ಬ್ಯಾಂಕ್ ಸಾಲ ಕೊಡ್ತಿದೆ ಅಂದಮೇಲೆ ಕಾಗದಪತ್ರ ಸರಿ ಇದೆ ಅಂತಲೇ ಅಲ್ವಾ?

ಬೆಂಗಳೂರಿನಲ್ಲಿ ಮೊದಲ ಸಲ ಮನೆ ಕೊಳ್ಳಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಅಲ್ಲ. ಅದೊಂದನ್ನೇ ನಂಬಿ ಅಡ್ವಾನ್ಸ್ ಕೊಡಬೇಡಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ದುಡ್ಡು ವಾಪಸ್ ಬರುತ್ತಾ ಅಂತ. ನಾಳೆ ಆಸ್ತಿ ಮೇಲೆ ಯಾರಾದರೂ ಕೇಸು ಹಾಕಿದರೆ ಕೋರ್ಟಿಗೆ ಅಲೆಯುವವರು ನೀವು. ಆಗಲೂ ಕಂತು ಕಟ್ಟಲೇಬೇಕು. ನಿಮ್ಮ ಪರವಾಗಿ ನೋಡುವ ವಕೀಲರನ್ನು ನೀವೇ ಹುಡುಕಿಕೊಳ್ಳಿ. ಬಿಲ್ಡರ್ ತೋರಿಸಿದವರು ಬೇಡ.

ಇನ್ನೊಂದು ಧೈರ್ಯ ಇಸಿಯದು, ಅಂದರೆ ಆಸ್ತಿಯ ಮೇಲಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರದ್ದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸುಲಭವಾಗಿ ಸಿಗುತ್ತದೆ, ತೆಗೆಸಲೇಬೇಕು. ಹತ್ತು ವರ್ಷದ್ದು ಸಾಲದು, 30 ವರ್ಷದ್ದು ತೆಗೆಸಿ. ಆದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯೊಳಗಿನ ಪಾಲಿನ ತಕರಾರು ಅದರಲ್ಲಿ ಕಾಣುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಪರಿಚಯದವರೊಬ್ಬರು ಕೊಳ್ಳಬೇಕೆಂದಿದ್ದ ಮನೆಯ ಕಾಗದ ನೋಡುತ್ತಿದ್ದೆ. ಜಾಗ ಪಿತ್ರಾರ್ಜಿತ. ವಂಶವೃಕ್ಷದಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕ್ರಯದ ಕರಾರಿನಲ್ಲಿ ಗಂಡುಮಕ್ಕಳ ಹೆಸರಷ್ಟೇ. ಕೇಳಿದರೆ ಏಜೆಂಟ್, "ಅವರಿಗೆ ಮದುವೆ ಮಾಡಿ ಕೊಟ್ಟಾಯ್ತಲ್ಲ ಸಾರ್" ಎಂದರು. ಮದುವೆಯಾದರೆ ಹಕ್ಕು ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಉಳಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆ ಅಕ್ಕತಂಗಿಯರು ಪಾಲು ಕೇಳುವುದು ನ್ಯಾಯವೇ. ಅದಕ್ಕೇ ಅವರ ಸಹಿಯೂ ಕ್ರಯಪತ್ರದಲ್ಲಿ ಇರಬೇಕು. ಇಲ್ಲವೇ ಮೊದಲೇ ನೋಂದಣಿಯಾದ ವಿಭಾಗಪತ್ರವೋ ಪಾಲು ಬಿಟ್ಟುಕೊಟ್ಟ ಹಕ್ಕು ಖುಲಾಸೆ ಪತ್ರವೋ ಇರಬೇಕು. "ಆಮೇಲೆ ಸಹಿ ಮಾಡಿಸಿಕೊಡ್ತೀವಿ" ಅನ್ನುವ ಮಾತಿಗೆ ಒಪ್ಪಬೇಡಿ.

ಫ್ಲ್ಯಾಟ್ ಆದರೆ ಓಸಿ ಕೇಳಿ. ನಕ್ಷೆಯ ಪ್ರಕಾರವೇ ಕಟ್ಟಿದ್ದಾರೆ, ವಾಸಕ್ಕೆ ಅಡ್ಡಿಯಿಲ್ಲ ಅಂತ ಪಾಲಿಕೆ ಕೊಡುವ ಪತ್ರ ಅದು. ಅದಿಲ್ಲದ ಕಟ್ಟಡಗಳಲ್ಲಿ ಎಷ್ಟೋ ಕುಟುಂಬಗಳು ವಾಸವಾಗಿವೆ, ನಿಜ. ಆದರೆ ಓಸಿ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ, "ಓಸಿ ಆಮೇಲೆ ಬರುತ್ತೆ" ಅನ್ನುವ ಭರವಸೆಗೆ ದುಡ್ಡು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಇನ್ನೂ ಕಟ್ಟುತ್ತಿದ್ದರೆ ಯೋಜನೆಯ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆ ಹಾಕಿ ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿ. ಕರಾರು ನೋಂದಣಿ ಆಗದೆ ಬೆಲೆಯ 10%ಗಿಂತ ಜಾಸ್ತಿ ಪಡೆಯಲು ಬಿಲ್ಡರ್‌ಗೆ ಅವಕಾಶವಿಲ್ಲ.

ಕೊನೆಗೆ ದುಡ್ಡಿನ ಲೆಕ್ಕ. 80 ಲಕ್ಷದ ಮನೆಗೆ 75% ಸಾಲ ಅಂದರೆ 60 ಲಕ್ಷ. ಉಳಿದ 20 ಲಕ್ಷ ನಿಮ್ಮದು. ಅದರ ಮೇಲೆ ಮುದ್ರಾಂಕ ಶುಲ್ಕ 5%, ಸೆಸ್, ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಲ್ಲಿ 1%ನಿಂದ 2%ಗೆ ಏರಿದ ನೋಂದಣಿ ಶುಲ್ಕ. ಎಲ್ಲ ಸೇರಿ ಆರು ಲಕ್ಷ ದಾಟುತ್ತದೆ. ಕಟ್ಟುತ್ತಿರುವ ಮನೆಯಾದರೆ 5% ಜಿಎಸ್‌ಟಿ ಬೇರೆ. ಈ ಖರ್ಚಿಗೆ ಅಂತ ಕೊನೇ ಗಳಿಗೆಯಲ್ಲಿ ಪರ್ಸನಲ್ ಲೋನ್ ತೆಗೆಯುವವರು ತುಂಬಾ ಜನ. ಹಾಗಾಗಿ ಇಷ್ಟು ದುಡ್ಡು ಕೈಯಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ. ಟೋಕನ್ ಮಾತು ಆಮೇಲೆ.