"ಇದು ನನ್ನ ಲೆವೆಲ್ ಅಲ್ಲ ಮಾವಾ"

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಓಡಾಡುತ್ತಿದೆ. "ಮಾವಾ, ಇದು ನನ್ನ ಲೆವೆಲ್ ಅಲ್ಲ. ನಾನು ಸಲಹೆ ಕೊಡೋ ಹಾಗಿಲ್ಲ."

ಹೇಳಿದ್ದು ಅಕ್ಕನ ಮಗಳು. ಇಂಗ್ಲೆಂಡಿನ ಲೆಸ್ಟರ್‌ನ ಒಂದು ಸೇವಾ ಸಂಸ್ಥೆಯಲ್ಲಿ ಇಮಿಗ್ರೇಷನ್ ಅಡ್ವೈಸರ್, ಅಂದರೆ ವೀಸಾ, ವಲಸೆ ವಿಷಯದ ಸಲಹೆಗಾರ್ತಿ. ರಜೆಗೆ ದಾವಣಗೆರೆಗೆ ಬಂದಿದ್ದಾಳೆ. ಕೇಳಿಸಿಕೊಂಡವರು ವಿದ್ಯಾನಗರದ ನಮ್ಮ ಹಿಂದಿನ ರಸ್ತೆಯವರು. ಅವರ ಮಗ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ. ಕರೆಸಿಕೊಂಡ ಕಂಪನಿಯ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಪರವಾನಗಿ, ರದ್ದಾಯಿತು. ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಲು ಸಿಕ್ಕಿದ್ದು 60 ದಿನ. ಅದೂ ಮುಗಿದಿದೆ.

"ಓದಿದವಳು ನೀನು. ಎರಡು ಮಾತು ಹೇಳೋಕೆ ಏನವ್ವಾ ಕಷ್ಟ?" ಎಂದರು. ಅವಳು ಮತ್ತೆ ಅದನ್ನೇ ಹೇಳಿದಳು. ಅವರು ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಅಕ್ಕನಿಗೆ ಮುಜುಗರ. "ಮನೆಗೆ ಬಂದವರಿಗೆ ಹೀಗಾ ಹೇಳೋದು?" ಎಂದು ಬೈದಳು. ನಾನು ಹುಡುಗಿಯ ಪರ.

ಬ್ರಿಟನ್‌ನಲ್ಲಿ ಈ ಸಲಹೆ ಕೊಡುವ ಕೆಲಸಕ್ಕೆ ಯಾರು ಬೇಕಾದರೂ ಬೋರ್ಡ್ ಹಾಕುವಂತಿಲ್ಲ. ವಕೀಲರಲ್ಲದವರು ನೋಂದಣಿ ಇಲ್ಲದೆ ಇದನ್ನೇ ವೃತ್ತಿ ಮಾಡಿಕೊಂಡರೆ 1999ರ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು ಆಗಬಹುದು. ಪುಕ್ಕಟೆ ಸಲಹೆ ಕೊಡುವ ಸೇವಾ ಸಂಸ್ಥೆಗಳಿಗೂ ನೋಂದಣಿ ಬೇಕು. ಇದನ್ನು ನೋಡಿಕೊಳ್ಳುವ ಕಚೇರಿಯ ಹೆಸರು 2025ರಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ. ಅಲ್ಲಿ ಮೂರು ಲೆವೆಲ್. ನೇರವಾದ, ಸರಳ ಅರ್ಜಿಗಳು ಒಂದನೆಯದು. ವೀಸಾ ಮುಗಿದ ಮೇಲೂ ಉಳಿದವರ ತೊಡಕಿನ ಕೇಸು ಎರಡನೆಯದು. ಟ್ರಿಬ್ಯೂನಲ್ (ವಲಸೆ ಕೇಸುಗಳ ನ್ಯಾಯಮಂಡಳಿ) ಮುಂದೆ ವಾದ ಮಾಡುವುದು ಮೂರನೆಯದು. ನಮ್ಮ ಹುಡುಗಿ ಪರೀಕ್ಷೆ ಬರೆದು ಒಂದನೆಯದು ಪಾಸಾಗಿದ್ದಾಳೆ, ಎರಡನೆಯದಕ್ಕೆ ಓದುತ್ತಿದ್ದಾಳೆ. ನಿಯಮಗಳು ಪದೇ ಪದೇ ಬದಲಾಗುತ್ತವೆ. ರಜೆಯಲ್ಲೂ ಲ್ಯಾಪ್‌ಟಾಪ್ ಮುಂದೆ ಕೂರುತ್ತಾಳೆ.

ಅವಳಿಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದು ಈ ಕೇಸಿಗೆ ಸಾಲದು ಅನ್ನುವುದು ಗೊತ್ತಿತ್ತು. ಇಲ್ಲಿ ಒಂದು ತಪ್ಪು ಅರ್ಜಿ ಹಾಕಿದರೆ ಆ ಹುಡುಗ ಮುಂದೆ ವರ್ಷಗಟ್ಟಲೆ ಅನುಭವಿಸಬೇಕು. ಅದಕ್ಕೆ ಬಾಯಿ ಕಟ್ಟಿಕೊಂಡಳು.

ಹಿಂದಿನ ರಸ್ತೆಯವರಿಂದ ಲಕ್ಷಗಟ್ಟಲೆ ಇಸಿದುಕೊಂಡ ಇಲ್ಲಿನ ಏಜೆಂಟ್ "ಗ್ಯಾರಂಟಿ ಸಾರ್, ನಾನಿದೀನಿ" ಎಂದಿದ್ದನಂತೆ. ಈಗ ಫೋನ್ ಎತ್ತುವುದಿಲ್ಲ. ಬ್ರಿಟನ್ನಿನ ಆ ಕಾಯ್ದೆ ಇಲ್ಲಿ ಕೂತವನನ್ನು ಮುಟ್ಟುವುದಿಲ್ಲ. ನ್ಯೂಜಿಲೆಂಡ್‌ನವರ 2007ರ ಕಾಯ್ದೆ ಹೊರದೇಶದಲ್ಲಿರುವ ಸಲಹೆಗಾರರಿಗೂ ಅನ್ವಯಿಸುತ್ತದೆ, ಅದು ನನಗೆ ಮೆಚ್ಚುಗೆ. ನಮ್ಮಲ್ಲೂ ಕಾನೂನು ಇಲ್ಲದಿಲ್ಲ. ಹೊರದೇಶದ ಕೆಲಸಕ್ಕೆ ಕಳಿಸುವವರು 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಅವರು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೋ ಇಲ್ಲವೋ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನಮ್ಮ ಓಣಿಯಲ್ಲಿ ಯಾರೂ ನೋಡಿದ್ದನ್ನು ನಾನು ಕಂಡಿಲ್ಲ.

ಹಿಂದಿನ ರಸ್ತೆಯವರು ಒಳ್ಳೆಯ ಮನುಷ್ಯ. ಮಗನ ಚಿಂತೆಯಲ್ಲಿ ನಿದ್ದೆ ಕೆಟ್ಟಿದೆ, ಅದೂ ನಿಜ. ಆದರೆ ಅವರ ಸಿಟ್ಟು ಬಂದದ್ದು ಯಾರ ಮೇಲೆ? "ಆಗುತ್ತೆ" ಎಂದವನ ಮುಂದೆ ಚೆಕ್ ಬರೆದರು. "ನನ್ನ ಕೈಲಾಗಲ್ಲ" ಎಂದವಳ ಮುಂದೆ ಮುಖ ತಿರುಗಿಸಿದರು. ಅವರೊಬ್ಬರೇ ಅಲ್ಲ. ಆಸ್ಪತ್ರೆ ಇರಲಿ, ರಿಜಿಸ್ಟ್ರಿ ಇರಲಿ, ಎಲ್ಲ ಕಡೆ ನಾವು ಧೈರ್ಯವಾಗಿ ಮಾತಾಡುವವನನ್ನೇ ಹುಡುಕುತ್ತೇವೆ, ಅಲ್ವಾ? ಅವನಿಗೆ ಆ ಅಧಿಕಾರ ಕೊಟ್ಟವರು ಯಾರು ಎಂದು ಕೇಳುವುದು ಅವಮರ್ಯಾದೆ ಅನಿಸುತ್ತದೆ. ಕೇಳಬೇಕು. ಬೋರ್ಡ್ ನೋಡಿದ ಕೂಡಲೇ ನೋಂದಣಿ ಸಂಖ್ಯೆ ಕೇಳಬೇಕು.

ಅವತ್ತು ರಾತ್ರಿಯೇ ನಮ್ಮ ಹುಡುಗಿ ಅಥಾರಿಟಿಯ ಸಲಹೆಗಾರರ ಪಟ್ಟಿ ತೆಗೆದು, ಆ ಹುಡುಗ ಇರುವ ಊರಿನ ಹತ್ತಿರದ ಮೇಲಿನ ಲೆವೆಲ್ ಸಲಹೆಗಾರರ ವಿವರ ಅವನಿಗೆ ವಾಟ್ಸಾಪ್ ಮಾಡಿದಳು. ಎಲ್ಲ ಕಾಗದ ತೆಗೆದುಕೊಂಡು ಹೋಗು, ಯಾವುದನ್ನೂ ಮುಚ್ಚಿಡಬೇಡ ಎಂದೂ ಬರೆದಳು. ಗುರುವಾರ ಭೇಟಿ ಸಿಕ್ಕಿದೆಯಂತೆ. ಅವನ ಅಪ್ಪ ಮಾತ್ರ ಓಣಿಯಲ್ಲಿ "ಆ ಹುಡುಗಿ ಸಹಾಯ ಮಾಡಲಿಲ್ಲ" ಎಂದೇ ಹೇಳಿಕೊಂಡು ತಿರುಗುತ್ತಿದ್ದಾರೆ. ನನ್ನ ಹತ್ತಿರ ಹೇಳಿದವರಿಗೆಲ್ಲ ನಾನು ವಾಟ್ಸಾಪ್ ವಿಷಯ ತಿಳಿಸುತ್ತಿದ್ದೇನೆ.